ಆಟ ಬಿಟ್ಟು ಹೋದವರು

ಕಂಪ್ಯೂಟರಿನ ಮುಂದೆ ಕುಳಿತು, ಅಂತರ್ಜಾಲದ ಮೂಲಕ ಸಾವಿರಾರು ಜನ ಏಕಕಾಲಕ್ಕೆ ವೇಷ ತೊಟ್ಟು ಆಡುವ ಆಟಗಳಿವೆ. ಒಬ್ಬ ಯೋಧ, ಒಬ್ಬ ವೈದ್ಯ, ಇನ್ನೊಬ್ಬ ಮಂತ್ರವಾದಿ. ಬಯಲಾಟಕ್ಕಾದರೂ ಬೆಳಗಿನ ಜಾವ ಮಂಗಳವೆಂಬುದುಂಟು. ಇವಕ್ಕೆ ಅದೂ ಇಲ್ಲ. ಆಡುವವನು ಮಲಗಿದ್ದಾಗಲೂ ಆಟ ನಡೆದೇ ಇರುತ್ತದೆ. ಇಂಥ ಆಟಕ್ಕೆ ಜನ ವರ್ಷಗಟ್ಟಲೆ ಏಕೆ ಅಂಟಿಕೊಳ್ಳುತ್ತಾರೆ, ಒಂದು ದಿನ ಏಕೆ ಎದ್ದು ಹೋಗುತ್ತಾರೆ ಎಂಬ ಪ್ರಶ್ನೆ ಪಾಳಿ ಮುಗಿಸಿ ಬಂದವರಿಗೂ ಅಂಗಡಿ ಬಾಗಿಲು ಹಾಕಿ ಬಂದವರಿಗೂ ಸಂಬಂಧಪಡದ್ದೆಂದು ತೋರಬಹುದು. ಸಂಬಂಧವುಂಟು ಎಂಬುದೇ ನಮ್ಮ ವಾದ.

“ಅದೊಂದು ಚಟ, ಬೇಸರ ಬಂದ ದಿನ ತಾವೇ ಬಿಡುತ್ತಾರೆ” ಎಂದು ಕೈತೊಳೆದುಕೊಳ್ಳುವವರು ಬಹಳ ಮಂದಿ. ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಸ್ವಲ್ಪ ಆಳಕ್ಕೆ ಹೋದರು. ಈ ಜಾತಿಯ ಮೊದಮೊದಲ ಆಟವೊಂದನ್ನು ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ೧೯೭೮ರಲ್ಲಿ ರಾಯ್ ಟ್ರಬ್‌ಷಾ ಪ್ರಾರಂಭಿಸಿದಾಗ ಜೊತೆಗಿದ್ದು ಬೆಳೆಸಿದವರು ಇವರು. ೧೯೯೬ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಗಳಿಕೆ ಬಯಸುವವರು, ಹೊಸ ಜಾಗ ಹುಡುಕುವವರು, ಜನರೊಡನೆ ಬೆರೆಯಲು ಬರುವವರು, ಇತರರನ್ನು ಸದೆಬಡಿಯಲು ಬರುವವರು. ತರಗತಿಯ ಹುಡುಗರನ್ನು ನಾಲ್ಕು ಬೆಂಚಿಗೆ ವಿಂಗಡಿಸಿದ ಹಾಗೆ. ನಾವೂ ಒಂದು ಕಾಲಕ್ಕೆ ಮಾಡಿದ ಕೆಲಸವೇ. ಹುಡುಗರು ಬೆಂಚು ಬದಲಾಯಿಸುತ್ತಲೇ ಇದ್ದರು. ಆಟಗಾರರ ಸ್ವಭಾವ ಹೀಗೆ ತಿಳಿಯುತ್ತದೆ, ಒಪ್ಪೋಣ. ಆಟದ ಮಾಲೀಕನ ಸ್ವಭಾವ?

“ವರ್ಲ್ಡ್ ಆಫ್ ವಾರ್‌ಕ್ರಾಫ್ಟ್” ಎಂಬ ಅಮೆರಿಕದ ಆಟ ೨೦೦೪ರ ನವೆಂಬರಿನಲ್ಲಿ ಹೊರಬಂತು. ತಿಂಗಳ ಚಂದಾ ಸುಮಾರು ೧೫ ಡಾಲರು. ೨೦೧೦ರಲ್ಲಿ ಚಂದಾದಾರರ ಸಂಖ್ಯೆ ೧ ಕೋಟಿ ೨೦ ಲಕ್ಷ ದಾಟಿತು. ಮೊದಲ ವರ್ಷಗಳಲ್ಲಿ ಅದರ ದೊಡ್ಡ ದಾಳಿಗಳಿಗೆ ೪೦ ಜನ ಒಟ್ಟಿಗೆ ಸೇರಬೇಕಾಗಿತ್ತು. ಗಂಟೆಗಟ್ಟಲೆ ಕಾದಾಡಿ ಒಂದು ರಾಕ್ಷಸನನ್ನು ಕೆಡವಿದರೆ ಸಿಗುತ್ತಿದ್ದುದು ಎರಡೋ ಮೂರೋ ಸಾಮಾನು. ಉಳಿದವರೆಲ್ಲ ಬರಿಗೈಲಿ ಹಿಂದಿರುಗುತ್ತಿದ್ದರು. ಮುಂದಿನ ವಾರ ಮತ್ತೆ ಹಾಜರು! ಬಹುಮಾನದ ಆಸೆಯೊಂದೇ ಆಗಿದ್ದರೆ ಈ ಲೆಕ್ಕ ಕೂಡುವುದಿಲ್ಲ. ತಾನು ಹೋಗದಿದ್ದರೆ ಮೂವತ್ತೊಂಬತ್ತು ಮಂದಿಯ ಕೆಲಸ ನಿಲ್ಲುತ್ತದೆ ಎಂಬುದೇ ಅವರನ್ನು ಎಳೆದು ತರುತ್ತಿತ್ತು. ಜೊತೆಗಾರ ಪಾಳಿಗೆ ಬಾರದ ದಿನ ಅವನ ಮಗ್ಗವನ್ನೂ ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ಯುವಕ ಸ್ನಾಯುಕ್ಷಯದಿಂದ ಗಾಲಿಕುರ್ಚಿ ಹಿಡಿದಿದ್ದ. ಅವನಿಗೆ ಗೆಳೆಯರೇ ಇಲ್ಲವೆಂದು ತಂದೆತಾಯಿ ಮರುಗುತ್ತಿದ್ದರು. ೨೦೧೪ರಲ್ಲಿ ಅವನು ತೀರಿಕೊಂಡಾಗ, ಇದೇ ಆಟದಲ್ಲಿ ಅವನ ಕೂಟದವರಾಗಿದ್ದವರಿಂದ ಸಾಲುಸಾಲಾಗಿ ಪತ್ರಗಳು ಬಂದವು. ಕೆಲವರು ಪರದೇಶಗಳಿಂದ ಅಂತ್ಯಕ್ರಿಯೆಗೇ ಬಂದರು.

ಇನ್ನು ಬಿಟ್ಟು ಹೋದವರ ಮಾತು. “ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್” ೨೦೦೩ರ ಜೂನಿನಲ್ಲಿ ಪ್ರಾರಂಭವಾಯಿತು. ನಡೆಸಿದ್ದು ಸೋನಿಯ ಅಮೆರಿಕದ ಶಾಖೆ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಕಸುಬುಗಳಿದ್ದವು: ದರ್ಜಿ, ಅಡಿಗೆಯವ, ಬಂದೂಕು ಮಾಡುವವ, ಮನೆ ಕಟ್ಟುವವ, ವೈದ್ಯ, ವಾದ್ಯಗಾರ, ಕುಣಿಯುವವರು. ಆಯುಧವನ್ನೇ ಮುಟ್ಟದೆ ವರ್ಷಗಟ್ಟಲೆ ಆಡಬಹುದಾಗಿತ್ತು. ಬಳಸಿದ ಸಾಮಾನು ಸವೆಯುತ್ತಿದ್ದುದರಿಂದ ಮಾಡುವವನಿಗೆ ಗಿರಾಕಿ ತಪ್ಪುತ್ತಿರಲಿಲ್ಲ. ಒಳ್ಳೆಯ ಲೋಹ ಎಲ್ಲಿದೆಯೆಂದು ನೆಲ ಶೋಧಿಸಿ ಯಂತ್ರ ಹೂಡಬೇಕು. ಕೆಲವು ದಿನಕ್ಕೆ ಆ ಸೆಲೆ ಬತ್ತಿ, ಬೇರೆ ಗುಣದ್ದು ಬೇರೆ ಕಡೆ ಹುಟ್ಟುತ್ತದೆ. ಮಾಲಿನ ಗುಣ ಬಲ್ಲವನ ಅಂಗಡಿಗೆ ಊರೂರಲ್ಲಿ ಹೆಸರು. ಯುದ್ಧದಿಂದ ಬಳಲಿ ಬಂದವರು ಪಾನಗೃಹದಲ್ಲಿ ಕುಳಿತು ಕುಣಿತ ನೋಡಿದರೇ ದಣಿವು ಆರುತ್ತಿತ್ತು. ಕುಳಿತಲ್ಲಿ ಮಾತು, ಪರಿಚಯ, ವ್ಯಾಪಾರ. ಆಟಗಾರರೇ ಊರು ಕಟ್ಟಿ, ಮತ ಹಾಕಿ, ಮೇಯರರನ್ನು ಆರಿಸಿಕೊಳ್ಳುತ್ತಿದ್ದರು.

ದೋಷಗಳಿರಲಿಲ್ಲವೆಂದಲ್ಲ, ಬೇಕಾದಷ್ಟಿದ್ದವು. ಆದರೆ ಮಾಲೀಕರ ಕಣ್ಣು ದೋಷದ ಮೇಲಿರಲಿಲ್ಲ, ಪಕ್ಕದ ಅಂಗಡಿಯ ಜನಸಂದಣಿಯ ಮೇಲಿತ್ತು. ೨೦೦೫ರ ನವೆಂಬರಿನಲ್ಲಿ ಆಟವನ್ನೇ ಬದಲಾಯಿಸಿಬಿಟ್ಟರು. ಮೂವತ್ತು ಚಿಲ್ಲರೆ ಕಸುಬುಗಳ ಜಾಗದಲ್ಲಿ ಒಂಬತ್ತು! ಪ್ರಾಣಿ ಪಳಗಿಸುವ ಕಸುಬು ಪೂರ್ತಿ ಮಾಯ. ದರ್ಜಿ, ಅಡಿಗೆಯವ, ಕಮ್ಮಾರ ಎಲ್ಲರೂ “ವರ್ತಕ” ಎಂಬ ಒಂದೇ ಗೋಣಿಚೀಲಕ್ಕೆ. ಜನ ಸಿನಿಮಾದ ನಾಯಕನಾಗಬಯಸುತ್ತಾರೆ, ಹಳ್ಳಿಯ ಒಕ್ಕಲಿಗನಾಗಲಲ್ಲ ಎಂಬುದು ಕಂಪನಿಯ ತರ್ಕ. ಹೊಸ ಗಿರಾಕಿಯ ಆಸೆಗೆ ಹಳೆಯ ಗಿರಾಕಿಯನ್ನು ಹೊರದೂಡಿದ ಅಂಗಡಿಯ ಗತಿಯನ್ನು ನಮ್ಮ ವರ್ತಕ ಮಿತ್ರರು ಬಲ್ಲರು. ಅದೇ ತಿಂಗಳ ಮೊದಲಲ್ಲಿ ಆಟದ ಹೊಸ ಭಾಗವೊಂದನ್ನು ಹಣ ಪಡೆದು ಮಾರಿದ್ದರು. ಗದ್ದಲವೆದ್ದ ಮೇಲೆ ಕೇಳಿದವರಿಗೆ ಹಣ ಹಿಂದಿರುಗಿಸಬೇಕಾಯಿತು. ದರ್ಜಿ ಹೋದ, ಅವನ ಅಂಗಡಿ ಹುಡುಕಿಕೊಂಡು ಬಂದವನು ಮುಚ್ಚಿದ ಬಾಗಿಲು ಕಂಡು ತಾನೂ ಹೋದ. ೨೦೧೧ರ ಡಿಸೆಂಬರ್ ೧೫ರಂದು ಕಂಪನಿ ಆಟವನ್ನೇ ನಿಲ್ಲಿಸಿತು. ಇವರೆಲ್ಲ ಬೇಸರ ಬಂದು ಹೋದವರೆ?

ಉಳಿದವರೆಲ್ಲ ಪ್ರೀತಿಯಿಂದಲೇ ಉಳಿಯುತ್ತಾರೆಂದೂ ನಾವು ಹೇಳುವುದಿಲ್ಲ. ದಿನಕ್ಕೊಮ್ಮೆ ಬಂದು ಹಾಜರಿ ಹಾಕಿದರೆ ಸಣ್ಣ ಇನಾಮು, ತಪ್ಪಿದರೆ ನಷ್ಟ ಎಂಬ ಏರ್ಪಾಟು ಎಷ್ಟೋ ಆಟಗಳಲ್ಲಿದೆ. ಐದಾರು ವರ್ಷ ದುಡಿದು ಕೂಡಿಸಿದ್ದನ್ನು ಬಿಟ್ಟು ಹೋಗಲು ಮನಸ್ಸು ಬಾರದೆ ಉಳಿದವರೂ ಬಹಳ. ಗಿರಣಿ ಬಿಟ್ಟವನಿಗೆ ಪ್ರಾವಿಡೆಂಟ್ ಫಂಡಾದರೂ ಕೈಗೆ ಬರುತ್ತದೆ. ಇಲ್ಲಿಯ ಮನೆ, ಅಂಗಡಿ, ಆಯುಧ ಎಲ್ಲವೂ ಕರಾರಿನ ಪ್ರಕಾರ ಸಾಮಾನ್ಯವಾಗಿ ಕಂಪನಿಯ ಸೊತ್ತು.

ಆಟಗಾರರನ್ನು ಕೇಳಿ ನಡೆಸಿದ ಕಡೆ ಏನಾಯಿತೆಂಬುದಕ್ಕೂ ಉದಾಹರಣೆಯುಂಟು. ಇಂಗ್ಲೆಂಡಿನ “ರೂನ್‌ಸ್ಕೇಪ್” ಆಟದಲ್ಲಿ, ಆಟದ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವ ದಂಧೆಯನ್ನು ತಡೆಯುವ ನೆಪದಲ್ಲಿ ಆಟಗಾರರ ಪರಸ್ಪರ ವ್ಯಾಪಾರವನ್ನೇ ೨೦೦೮ರ ಆದಿಯಲ್ಲಿ ಬಿಗಿಮಾಡಿದರು. ಕಳ್ಳನಿಗಾಗಿ ಸಂತೆಯನ್ನೇ ಎತ್ತಿಸಿದ ಹಾಗಾಯಿತು. ೨೦೧೧ರಲ್ಲಿ ಮತಕ್ಕೆ ಹಾಕಿದಾಗ ೧೨ ಲಕ್ಷಕ್ಕೂ ಹೆಚ್ಚು ಮತ ಬಿದ್ದು, ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಹಳೆಯ ಪದ್ಧತಿಯ ಪರವಾಗಿದ್ದವು. ೨೦೧೩ರಲ್ಲಿ, ಮತ್ತೆ ಮತದಿಂದಲೇ, ೨೦೦೭ರ ಹಳೆಯ ಆಟವನ್ನು ಪುನಃ ತೆರೆದರು. ಮುಖ್ಯ ಬದಲಾವಣೆಗೆ ಆಟಗಾರರಲ್ಲಿ ನೂರಕ್ಕೆ ೭೫ ಮಂದಿಯ ಒಪ್ಪಿಗೆ ಬೇಕೆಂಬ ನಿಯಮವನ್ನಿಟ್ಟುಕೊಂಡರು. ಆಮೇಲೆ ಅದನ್ನು ೭೦ಕ್ಕೆ ಇಳಿಸಿದ್ದಾರೆ. ಬಿಟ್ಟು ಹೋದವರು ಹಿಂದಿರುಗಿದರು. ಹೊಸದಕ್ಕಿಂತ ಹಳೆಯದರಲ್ಲೇ ಜನ ಹೆಚ್ಚಾದರು. ಹಾಗೆಂದು ಬೀಗದ ಕೈ ಆಟಗಾರರಿಗೆ ಬಂದಿತೆಂದಲ್ಲ. ಅದು ಕಂಪನಿಯಲ್ಲೇ ಇದೆ.

ಗ್ಯಾಲಕ್ಸೀಸ್ ಆಟದ ಹಳೆಯ ರೂಪವನ್ನು ಸ್ವಯಂಸೇವಕರು ವರ್ಷಗಟ್ಟಲೆ ಶ್ರಮಿಸಿ, ಸಂಬಳವಿಲ್ಲದೆ ಮತ್ತೆ ಕಟ್ಟಿಕೊಂಡಿದ್ದಾರೆ. ಮಾರಿದ ಆಟವನ್ನು ಕಂಪನಿಗಳು ಮನಬಂದ ದಿನ ಕೊಂದುಹಾಕಬಾರದು, ನಿಲ್ಲಿಸುವಾಗ ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟುಕೊಡಬೇಕು ಎಂದು ಯುರೋಪಿನ ನಾಗರಿಕರು ೨೦೨೪ರಲ್ಲಿ ಎತ್ತಿದ ಬೇಡಿಕೆಗೆ ೨೦೨೫ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಬೇಡಿಕೆ ನ್ಯಾಯವಾದದ್ದೆಂದು ನಮ್ಮ ಅಭಿಪ್ರಾಯ. ಅದರ ಮೇಲೆ ನಾವು ಇನ್ನೊಂದನ್ನೂ ಸೇರಿಸುತ್ತೇವೆ: ಚಂದಾ ಕೊಟ್ಟು ಆ ಲೋಕವನ್ನು ತುಂಬಿದವರನ್ನು, ಕಸುಬು ಕಳೆಯುವ ಮುಂಚೆ ಒಂದು ಮಾತು ಕೇಳಬೇಕು, ಕಳೆದ ಮೇಲಲ್ಲ.