ಬೆಂಗಳೂರು ತಂಡದ ಆಟ ಬೆಟ್ಟದ ಮನೆಗೆ ಬರುವುದೆಂತು?

ಬಿಳಿಗಿರಿರಂಗನ ಬೆಟ್ಟ: ಬೆಂಗಳೂರು ಎಫ್‌ಸಿ ತಂಡವು ತವರು ಅಂಗಳವಾದ ಕಂಠೀರವ ಕ್ರೀಡಾಂಗಣದಲ್ಲಿ ರಾತ್ರಿ 7.30ಕ್ಕೆ ಆಟಕ್ಕಿಳಿದರೆ ರಾಜಧಾನಿಯ ಅಭಿಮಾನಿ ಮೆಟ್ರೊ ಹಿಡಿದು ಗ್ಯಾಲರಿ ಸೇರಬಹುದು. ಅಲ್ಲಿಂದ ಸುಮಾರು 180 ಕಿ.ಮೀ. ದೂರದ ಬಿಳಿಗಿರಿರಂಗನ ಬೆಟ್ಟದಲ್ಲಿ ಇರುವ ಅಭಿಮಾನಿಗೆ ಟಿ.ವಿ.ಯೊಂದೇ ದಾರಿ. ಆದರೆ ಆ ಟಿ.ವಿ.ಯಲ್ಲಿ ಯಾವ ವಾಹಿನಿಯನ್ನು ಹಾಕಬೇಕು, ಯಾವ ಡಿಶ್ ಇರಬೇಕು, ಎಷ್ಟು ಹಣ ಕಟ್ಟಬೇಕು ಎಂಬ ಪ್ರಶ್ನೆಗೆ ಒಂದು ಋತುವಿನಲ್ಲಿ ಸಿಕ್ಕ ಉತ್ತರ ಮತ್ತೊಂದು ಋತುವಿಗೆ ಉಳಿಯುತ್ತಿಲ್ಲ.

ಕ್ರಿಕೆಟ್ ಪ್ರೇಮಿಗೆ ಈ ತಾಪತ್ರಯ ಇಷ್ಟಿಲ್ಲ. ಭಾರತ ತಂಡದ ಪ್ರಮುಖ ಪಂದ್ಯಗಳನ್ನು ದೂರದರ್ಶನದೊಂದಿಗೆ ಹಂಚಿಕೊಳ್ಳಬೇಕೆಂಬ ಕಾನೂನಿದೆ. ರಾಜಧಾನಿಯ ಹೆಸರು ಹೊತ್ತ ಫುಟ್‌ಬಾಲ್ ತಂಡಕ್ಕೆ ಅಂತಹ ಆಸರೆಯಿಲ್ಲ. ತಂಡ ಎಲ್ಲರದ್ದು, ಅದರ ಆಟವನ್ನು ಎಲ್ಲರಿಗೂ ತೋರಿಸುವ ಹೊಣೆ ಮಾತ್ರ ಯಾರದ್ದೂ ಅಲ್ಲ ಎಂಬುದು ಇಂದಿನ ಸ್ಥಿತಿ.

ಕೈ ಬದಲಾದ ಹಕ್ಕು

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಹುಟ್ಟುಹಾಕಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಪ್ರಶಸ್ತಿ ಗೆದ್ದಿತು. 2015-16ರಲ್ಲಿ ಅದನ್ನೇ ಮತ್ತೆ ಗೆದ್ದು, 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ನಡೆದ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಹಂತ ಮುಟ್ಟಿರಲಿಲ್ಲ. 2017-18ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಸೇರಿ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾವನ್ನು 1-0 ಅಂತರದಿಂದ ಮಣಿಸಿ ಚಾಂಪಿಯನ್ ಆಯಿತು. ಸುನಿಲ್ ಚೆಟ್ರಿ ಎಂಬ ಹೆಸರು ಫುಟ್‌ಬಾಲ್ ನೋಡದವರ ಮನೆಗಳಲ್ಲೂ ಪರಿಚಿತವಾದದ್ದು ಈ ಅವಧಿಯಲ್ಲಿಯೇ.

2014ರಲ್ಲಿ ಆರಂಭವಾದ ಐಎಸ್‌ಎಲ್ 2022-23ರ ಋತುವಿನವರೆಗೂ ಸ್ಟಾರ್ ಸಮೂಹದ ಕೈಯಲ್ಲಿತ್ತು. ಬೆಂಗಳೂರು ತಂಡ ಲೀಗ್ ಸೇರಿದ ವರ್ಷ ಕನ್ನಡದ ಸುವರ್ಣ ಪ್ಲಸ್ ವಾಹಿನಿಯಲ್ಲೂ ಪಂದ್ಯಗಳು ಬಂದವು. 2018ರ ಡಿಸೆಂಬರ್ ಕೊನೆಯಲ್ಲಿ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಆರಂಭವಾಯಿತು. 2023-24 ಮತ್ತು 2024-25ರ ಋತುಗಳ ಹಕ್ಕು ವಯಾಕಾಮ್18 ಪಾಲಾಯಿತು. ಟಿ.ವಿ.ಯಲ್ಲಿ ಸ್ಪೋರ್ಟ್ಸ್18, ಮೊಬೈಲ್‌ನಲ್ಲಿ ಜಿಯೊಸಿನಿಮಾ. ಎರಡನೆಯ ಋತು ಇನ್ನೂ ನಡೆಯುತ್ತಿರುವಾಗಲೇ, 2025ರ ಫೆಬ್ರುವರಿ 14ರಂದು, ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೊಹಾಟ್‌ಸ್ಟಾರ್ ಆಯಿತು. ಆ ವರ್ಷದ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಬೆಂಗಳೂರು ತಂಡ ಮೋಹನ್ ಬಾಗನ್ ಎದುರು 2-1 ಅಂತರದಿಂದ ಫೈನಲ್ ಸೋತ ಹೊತ್ತಿಗೆ ಎರಡು ವರ್ಷಗಳ ಆ ಒಪ್ಪಂದವೂ ಮುಗಿಯಿತು.

ಎಂಟು ಋತುಗಳಲ್ಲಿ ವಾಹಿನಿಯ ಹೆಸರು, ಅದರ ಸಂಖ್ಯೆ, ಅದು ಸೇರಿದ ಪ್ಯಾಕ್, ಆ್ಯಪ್ ಎಲ್ಲವೂ ಬದಲಾದವು. ಬದಲಾಗದೆ ಉಳಿದದ್ದು ತಂಡದ ನೀಲಿ ಅಂಗಿ ಮಾತ್ರ.

ಬೆಟ್ಟದ ಲೆಕ್ಕ ಬೇರೆ

ನಗರದಲ್ಲಿ ಇಂತಹ ಬದಲಾವಣೆ ಒಂದು ಸಂಜೆಯ ಕಿರಿಕಿರಿ. ಕೇಬಲ್ ಆಪರೇಟರ್‌ಗೆ ಫೋನ್ ಮಾಡಿದರೆ ಅಥವಾ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಆ್ಯಪ್ ತೆರೆದರೆ ಮುಗಿಯಿತು. ಬೆಟ್ಟದಲ್ಲಿ ಹಾಗಲ್ಲ. ಕಾಡಿನ ನಡುವೆ ಚದುರಿರುವ ಸೋಲಿಗರ ಪೋಡುಗಳಿಗೆ ಕೇಬಲ್ ಎಳೆಯುವುದು ಯಾರಿಗೂ ಗಿಟ್ಟದ ವ್ಯವಹಾರ. ಮೊಬೈಲ್ ಸಿಗ್ನಲ್ ಒಂದು ತಿರುವಿನಲ್ಲಿ ಸಿಕ್ಕರೆ ಮುಂದಿನ ತಿರುವಿನಲ್ಲಿ ಇರುವುದಿಲ್ಲ. ಮಾತನಾಡಲು ಸಾಲುವ ಸಿಗ್ನಲ್ 90 ನಿಮಿಷಗಳ ನೇರ ಪ್ರಸಾರಕ್ಕೆ ಸಾಲದು.

ಕೆಳಗಿಳಿದು ಯಳಂದೂರಿನಲ್ಲಿ ನೆಂಟರ ಮನೆಯಲ್ಲೋ ಹೋಟೆಲಿನಲ್ಲೋ ಪಂದ್ಯ ನೋಡಿ ಬರುವುದೂ ಸುಲಭವಲ್ಲ. ಈ ಪ್ರದೇಶವನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದ್ದು, ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಏಳೂವರೆಗೆ ಆರಂಭವಾದ ಆಟ ಮುಗಿಯುವಾಗ ಒಂಬತ್ತೂವರೆ ಸಮೀಪಿಸಿರುತ್ತದೆ. ಆ ಹೊತ್ತಿನಲ್ಲಿ ಆನೆ, ಕಾಟಿ ಓಡಾಡುವ ದಾರಿಯಲ್ಲಿ ಬೆಟ್ಟ ಹತ್ತುವ ಪ್ರಶ್ನೆಯೇ ಇಲ್ಲ. ಹೀಗಾಗಿ ಮನೆಯ ಮೇಲಿನ ಡಿಶ್ ಒಂದೇ ಆಧಾರ.

ಡಿಶ್‌ನಲ್ಲೂ ಎರಡು ಬಗೆ. ಖಾಸಗಿ ಡಿಟಿಎಚ್‌ಗೆ ರೀಚಾರ್ಜ್ ಬೇಕು. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ಟ್ರಾಯ್ ದರ ವ್ಯವಸ್ಥೆಯಲ್ಲಿ ವೀಕ್ಷಕ ತನಗೆ ಬೇಕಾದ ವಾಹಿನಿಯನ್ನಷ್ಟೇ ಬಿಡಿಯಾಗಿ ಕೊಳ್ಳುವ ಹಕ್ಕು ಪಡೆದ. ಆದರೆ ಕೂಲಿ, ಕಿರು ಅರಣ್ಯ ಉತ್ಪನ್ನ, ಸಣ್ಣ ಕಾಫಿ ತೋಟವನ್ನು ನಂಬಿದ ಮನೆಯಲ್ಲಿ ಪ್ರತಿ ತಿಂಗಳೂ ತಪ್ಪದೆ ರೀಚಾರ್ಜ್ ಮಾಡುವುದು ಹೇಳಿದಷ್ಟು ಸುಲಭವಲ್ಲ.

ಇನ್ನೊಂದು, 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಆರಂಭವಾದ ಇಂದಿನ ಡಿಡಿ ಫ್ರೀ ಡಿಶ್. ಒಮ್ಮೆ ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸ್ ಕೊಂಡರೆ ಮಾಸಿಕ ಶುಲ್ಕವಿಲ್ಲ. ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಇದು ಇದೆ ಎಂಬುದು ಉದ್ಯಮದ ಅಂದಾಜು. ದೂರದರ್ಶನದ ಹಳೆಯ ಆಂಟೆನಾ ಪ್ರಸಾರ 2022ರ ವೇಳೆಗೆ ದೇಶದ ಬಹುತೇಕ ಕಡೆ ನಿಂತುಹೋದ ಮೇಲೆ ಉಚಿತ ಟಿ.ವಿ. ಎಂದರೆ ಫ್ರೀ ಡಿಶ್ ಎಂದೇ ಅರ್ಥ. ಆದರೆ ಶುಲ್ಕದ ಕ್ರೀಡಾ ವಾಹಿನಿಗಳು ಅದರಲ್ಲಿ ಬರುವುದಿಲ್ಲ.

ಕಾನೂನಿನ ಗೆರೆ

2007ರ ಆರಂಭದಲ್ಲಿ ಭಾರತ-ವೆಸ್ಟ್ ಇಂಡೀಸ್ ಏಕದಿನ ಸರಣಿಯ ನೇರ ಪ್ರಸಾರಕ್ಕಾಗಿ ದೂರದರ್ಶನ ಮತ್ತು ಖಾಸಗಿ ವಾಹಿನಿಯ ನಡುವೆ ನಡೆದ ಜಟಾಪಟಿಯ ಫಲವಾಗಿ ಕ್ರೀಡಾ ಪ್ರಸಾರ ಸಂಕೇತಗಳ ಕಡ್ಡಾಯ ಹಂಚಿಕೆ ಕಾಯ್ದೆ ರೂಪುಗೊಂಡಿತು. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಕ್ರೀಡಾಕೂಟಗಳ ಸಂಕೇತವನ್ನು ಹಕ್ಕುದಾರ ಸಂಸ್ಥೆ ಪ್ರಸಾರ ಭಾರತಿಗೆ ನೀಡಲೇಬೇಕು. ಟಿ.ವಿ. ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಶೇ 75, ಪ್ರಸಾರ ಭಾರತಿಗೆ ಶೇ 25 ಪಾಲು.

ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟ, ಭಾರತ ತಂಡದ ಕ್ರಿಕೆಟ್, ವಿಶ್ವಕಪ್ ಫುಟ್‌ಬಾಲ್‌ನ ಅಂತಿಮ ಘಟ್ಟದ ಪಂದ್ಯಗಳು ಈ ಪಟ್ಟಿಗೆ ಸೇರಿವೆ. ಐಎಸ್‌ಎಲ್ ಸೇರಿಲ್ಲ. ಅಂದರೆ ಅರ್ಜೆಂಟೀನಾ ಆಡುವ ವಿಶ್ವಕಪ್ ಫೈನಲ್ ಬೆಟ್ಟದ ಮನೆಗೆ ಉಚಿತವಾಗಿ ಬರಲು ಕಾನೂನಿನ ದಾರಿಯಿದೆ, ಬೆಂಗಳೂರಿನ ಆಟಕ್ಕೆ ಇಲ್ಲ!

2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹೀಗೆ ಹಂಚಿಕೊಂಡ ಪ್ರಸಾರವನ್ನು ದೂರದರ್ಶನ ತನ್ನ ಸ್ವಂತ ಭೂತಲ ಮತ್ತು ಡಿಟಿಎಚ್ ಜಾಲದಲ್ಲಿ ಮಾತ್ರ ತೋರಿಸಬಹುದು, ಕೇಬಲ್ ಅಥವಾ ಖಾಸಗಿ ಡಿಟಿಎಚ್ ಮೂಲಕ ಅಲ್ಲ ಎಂಬುದು ತೀರ್ಪಿನ ಸಾರ. ಕೋಟಿಗಟ್ಟಲೆ ಹಣ ತೆತ್ತು ಹಕ್ಕು ಕೊಂಡವರ ಹಿತವನ್ನು ಕಾಯುವ ಈ ವಾದದಲ್ಲಿ ನ್ಯಾಯವಿದೆ. ಪ್ರಸಾರದ ಹಣವಿಲ್ಲದೆ ಲೀಗ್ ನಡೆಯದು, ಲೀಗ್ ಇಲ್ಲದೆ ಆಟಗಾರರಿಗೆ ಸಂಬಳವಿಲ್ಲ.

2025ರ ಪಾಠ

ಆದರೆ ಹಣ ಕೊಟ್ಟವರಿಗೆ ಮಾತ್ರ ತೋರಿಸುವುದರಿಂದಲೇ ಆಟದ ಬೆಲೆ ಏರುತ್ತದೆ ಎಂಬ ನಂಬಿಕೆಗೆ 2025ರಲ್ಲಿ ಭಾರಿ ಪೆಟ್ಟು ಬಿತ್ತು. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 15 ವರ್ಷಗಳಿಗೆ 700 ಕೋಟಿ ರೂಪಾಯಿಯ ಹಕ್ಕು ಒಪ್ಪಂದ ಮಾಡಿಕೊಂಡಿತ್ತು. ಅದರ ಅವಧಿ 2025ರ ಡಿಸೆಂಬರ್‌ಗೆ ಮುಗಿಯಲಿದ್ದು, ನವೀಕರಣ ಇತ್ಯರ್ಥವಾಗದ ಕಾರಣ ಜುಲೈನಲ್ಲಿ ಐಎಸ್‌ಎಲ್ ಅನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸಿರುವುದಾಗಿ ಪ್ರಕಟಿಸಿತು. ಫೆಡರೇಷನ್ ಕರೆದ ಟೆಂಡರ್‌ಗೆ ನವೆಂಬರ್‌ನಲ್ಲಿ ಗಡುವು ಮುಗಿದಾಗ ಒಂದೂ ಬಿಡ್ ಬಂದಿರಲಿಲ್ಲ. ಮೊಟಕುಗೊಂಡ ಋತು 2026ರ ಫೆಬ್ರುವರಿ 14ರಿಂದ ನಡೆಯುವುದೆಂದು ಕೇಂದ್ರ ಕ್ರೀಡಾ ಸಚಿವರು ಆ ವರ್ಷದ ಜನವರಿಯಲ್ಲಿ ಘೋಷಿಸಬೇಕಾಯಿತು.

ನೋಡುವವರು ಕಡಿಮೆಯಾದ್ದರಿಂದ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲದ್ದರಿಂದ ತೋರಿಸುವವರಿಲ್ಲ ಎಂಬ ಸುಳಿ ಇದು. 1986ರಲ್ಲಿ ದೂರದರ್ಶನ ಮೆಕ್ಸಿಕೊ ವಿಶ್ವಕಪ್ಪನ್ನು ನಡುರಾತ್ರಿ ನೇರ ಪ್ರಸಾರ ಮಾಡಿದಾಗ ಮರಡೋನಾ ಹೆಸರು ದೇಶದ ಹಳ್ಳಿಹಳ್ಳಿಗೂ ಮುಟ್ಟಿತ್ತು. ಯಾರೂ ಪ್ಯಾಕ್ ಕೊಂಡು ಅಭಿಮಾನಿಗಳಾಗಿರಲಿಲ್ಲ. ಮೊದಲು ಆಟ ಕಂಡರು, ನಂತರ ಅಭಿಮಾನ ಬೆಳೆಯಿತು.

ವೀಕ್ಷಕನ ಮುಂದಿರುವ ದಾರಿ

ಸದ್ಯಕ್ಕೆ ವೀಕ್ಷಕ ಕೆಲವು ಎಚ್ಚರ ವಹಿಸುವುದು ಒಳಿತು. ಹೋದ ಋತುವಿನ ವಾಹಿನಿಯನ್ನು ನಂಬಿ ರೀಚಾರ್ಜ್ ಮಾಡದೆ, ಈ ಋತುವಿನ ಹಕ್ಕು ಯಾರದ್ದೆಂದು ಕ್ಲಬ್ ಅಥವಾ ಲೀಗ್‌ನ ಅಧಿಕೃತ ಪ್ರಕಟಣೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ದುಬಾರಿ ಪ್ಯಾಕ್‌ಗೆ ಬದಲು ಬೇಕಾದ ಒಂದೇ ವಾಹಿನಿಯನ್ನು ಬಿಡಿಯಾಗಿ ಸೇರಿಸಿಕೊಂಡು, ಋತು ಮುಗಿದಾಗ ತೆಗೆಸಬಹುದು. ಒಂದೇ ಸಮೂಹದ ಎಲ್ಲ ವಾಹಿನಿಗಳಲ್ಲೂ ಪಂದ್ಯ ಬರುವುದಿಲ್ಲ ಎಂಬುದು ನೆನಪಿರಲಿ. ಭಾರತ ತಂಡದ ಪಂದ್ಯ ಅಥವಾ ವಿಶ್ವಕಪ್ ಫೈನಲ್ ದೂರದರ್ಶನದಲ್ಲಿ ಇದೆ ಎಂದು ಕೇಳಿ ಖಾಸಗಿ ಡಿಟಿಎಚ್‌ನಲ್ಲಿ ಹುಡುಕಿದರೆ ನಿರಾಸೆಯೇ ಸರಿ. ಅದಕ್ಕೆ ಫ್ರೀ ಡಿಶ್ಶೇ ಬೇಕು.

ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಟ್ಟದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಆಕಾಶದ ಮೂರನೇ ಎರಡು ಭಾಗಕ್ಕಿಂತ ಮೇಲೆ. ಇಷ್ಟು ಎತ್ತರದಲ್ಲಿರುವುದರಿಂದ ಎದುರಿನ ಗುಡ್ಡ ಅಡ್ಡಬಾರದು, ಆದರೆ ಮನೆ ಪಕ್ಕದ ಮರದ ಕೊಂಬೆ ಅಡ್ಡಬಂದೀತು. ಆ ದಿಕ್ಕಿನ ಆಕಾಶ ತೆರೆದಿರುವ ಜಾಗದಲ್ಲಿ ಡಿಶ್ ನಿಲ್ಲಿಸಿದರೆ ಮರದ ತಂಟೆಗೆ ಹೋಗಬೇಕಿಲ್ಲ. ಹಿಂಗಾರಿನ ಜೋರು ಮಳೆಗೆ ಚಿತ್ರ ನಿಲ್ಲುವುದು ಮಾತ್ರ ಯಾವ ಡಿಶ್‌ಗೂ ತಪ್ಪಿದ್ದಲ್ಲ.

ಉಳಿದದ್ದು ವೀಕ್ಷಕನ ಕೈಯಲ್ಲಿಲ್ಲ. ಲೀಗ್‌ನ ಎಲ್ಲ ಪಂದ್ಯಗಳನ್ನೂ ಉಚಿತವಾಗಿ ತೋರಿಸಿ ಎಂದು ಯಾರೂ ಕೇಳುತ್ತಿಲ್ಲ. ಬೆಂಗಳೂರು ತಂಡದ ತವರು ಪಂದ್ಯಗಳನ್ನಾದರೂ ಕನ್ನಡದ ವೀಕ್ಷಕ ವಿವರಣೆಯೊಂದಿಗೆ ಡಿಡಿ ಚಂದನದಲ್ಲಿ ತೋರಿಸಲು ಅವಕಾಶವಿದೆಯೇ ಎಂಬುದನ್ನು ಫೆಡರೇಷನ್, ಕ್ಲಬ್ ಮತ್ತು ಪ್ರಸಾರ ಭಾರತಿ ಕುಳಿತು ಚರ್ಚಿಸಬಹುದು. ಆದಾಯ ಹಂಚಿಕೆಗೆ 75:25ರ ಮಾದರಿ ಕಣ್ಣೆದುರಿಗೇ ಇದೆ. ಇಲ್ಲಿ ಕಾನೂನಿನ ಒತ್ತಾಯ ಬೇಕಿಲ್ಲ, ಪರಸ್ಪರ ಒಪ್ಪಿಗೆ ಸಾಕು. ಟೆಂಡರ್‌ಗೆ ಒಂದೂ ಬಿಡ್ ಬಾರದ ಆಟಕ್ಕೆ ಉಚಿತ ಪ್ರಸಾರದಿಂದ ಆಗುವ ನಷ್ಟವಾದರೂ ಏನು? ನೋಡಲು ಮನಸ್ಸಿದ್ದೂ ದಾರಿ ಕಾಣದ ಮನೆಗಳ ಬಾಗಿಲು ಮೊದಲು ತೆರೆದುಕೊಂಡರೆ, ಕೊಳ್ಳುವವರು ಹಿಂದೆಯೇ ಬಂದಾರು.