ಟೇಪ್ ನನ್ನದು, ವಾಲ್ಯೂಮ್ ಯಾರದು?

ಮೂರು ವರ್ಷ ಚೀಟಿ ಕಟ್ಟಿ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ತಗೊಂಡೆ. ಹಳೇ ಮಾಲೀಕ ಟೇಪ್ ಬಿಚ್ಚಿಕೊಂಡು ಗಾಡಿ ಕೊಟ್ಟಿದ್ದ. ಡ್ಯಾಶ್‌ಬೋರ್ಡಿನಾಗ ಖಾಲಿ ಕಿಂಡಿ, ಅದರಿಂದ ಜೋತುಬಿದ್ದ ವೈರುಗಳು. ಹೋದ ತಿಂಗಳು ಗಂಗಾವತಿಗೆ ಹೋಗಿ ಬ್ಲೂಟೂತ್, ಪೆನ್‌ಡ್ರೈವ್ ಇರೋ ಒಂದು ಸೆಟ್ ಹಾಕಿಸಿದೆ.

ಮರುದಿನ ಆಫೀಸಿನಾಗ ಒಬ್ಬರು ನಕ್ಕೋತ ಅಂದ್ರು: "ಏನ್ರೀ, ಟೇಪೂ ಹಾಕ್ಸಿದ್ರಂತ? ರಿಸರ್ವೇಶನ್ ಸೌಂಡ್ ಜೋರೈತಿ ಬಿಡ್ರಿ." ಉಳಿದವರೂ ನಕ್ಕರು. ಅವರೆಲ್ಲರ ಕಾರಿನಾಗೂ ಟೇಪ್ ಐತಿ. ಅದು ಯಾವ ಕೋಟಾದಾಗ ಬಂತು ಅಂತ ನಾನು ಯಾವತ್ತೂ ಕೇಳಿಲ್ಲ.

ಮೊದಲು ನಮ್ಮ ಹುಡುಗರಿಗೆ ಉಪಯೋಗ ಆಗೋ ನಾಲ್ಕು ಮಾತು ಹೇಳಿಬಿಡ್ತೀನಿ. ಟೇಪ್ ಹಾಕಿಸುವಾಗ ಪಕ್ಕದಾಗ ನಿಂತು ನೋಡ್ರಿ. ಬ್ಯಾಟರಿಯ ಮೈನಸ್ ಬಿಚ್ಚಿದ ಮೇಲೇ ಕೈ ಹಾಕಬೇಕು. ಗಾಡಿಯ ಒರಿಜಿನಲ್ ವೈರ್ ಕತ್ತರಿಸಾಕ ಬಿಡಬ್ಯಾಡ್ರಿ, ನಿಮ್ಮ ಗಾಡಿಗೆ ಹೊಂದೋ ಕಪ್ಲರ್ ಕೇಳ್ರಿ. ಸಾಮಾನ್ಯವಾಗಿ ಸೆಟ್ಟಿನ ಹಳದಿ ವೈರ್ ಬ್ಯಾಟರಿಯ ನೇರ ಕರೆಂಟಿಗೆ, ಕೆಂಪು ಕೀಲಿ ತಿರುವಿದಾಗ ಬರೋ ಕರೆಂಟಿಗೆ, ಕಪ್ಪು ಅರ್ಥಿಂಗಿಗೆ. ಹಳದಿ, ಕೆಂಪು ಎರಡನ್ನೂ ಕೂಡಿಸಿ ನೇರ ಕರೆಂಟಿಗೆ ಸುತ್ತಿಬಿಟ್ಟರೆ ಕೀಲಿ ತೆಗೆದರೂ ಟೇಪ್ ಬಂದ್ ಆಗಲ್ಲ, ಮುಂಜಾನೆ ಗಾಡಿ ಸ್ಟಾರ್ಟ್ ಆಗಲ್ಲ. ಇನ್ನು ಡಬ್ಬದ ಮ್ಯಾಲೆ '50 ವ್ಯಾಟ್, ನಾಲ್ಕು ಸ್ಪೀಕರ್' ಅಂತ ಬರದಿರ್ತಾರ. ಬ್ಯಾರೆ ಆಂಪ್ಲಿಫೈಯರ್ ಇಲ್ಲದ ಸೆಟ್ಟಿನಿಂದ ಒಂದೊಂದು ಸ್ಪೀಕರಿಗೆ ನಿಜವಾಗಿ ಬರೋದು ಸುಮಾರು 20 ವ್ಯಾಟ್.

ಆ 20 ವ್ಯಾಟಿನ ಸದ್ದಿಗೇ ನಮ್ಮೂರ ಕಟ್ಟೆ ಎದ್ದು ನಿಂತಿತು.

ಯಲಬುರ್ಗಾ ತಾಲ್ಲೂಕಿನ ಆ ಊರಿಗೆ ಆ ಭಾನುವಾರ ಕಾಕಾನ ಜೊತಿ ಹೊಂಟಿದ್ದೆ. ಪೆನ್‌ಡ್ರೈವಿನಾಗ ಬಾಬಾಸಾಹೇಬರ ಹಾಡು. ಅಗಸಿ ದಾಟುವಾಗ ಕಟ್ಟೆ ಮ್ಯಾಲಿಂದ ಒಬ್ಬ ಕೂಗಿದ: "ಏ, ಊರಾಗ ಬರುವಾಗ ಅದನ್ನ ಬಂದ್ ಮಾಡಿ ಬರಬೇಕಲೇ." ನಾನು ಗಾಡಿ ನಿಲ್ಲಿಸಿದೆ. ಬಾಯಿ ತೆರೆಯೋದ್ರಾಗ ಕಾಕಾ ತಾನೇ ಕೈ ಹಾಕಿ ವಾಲ್ಯೂಮ್ ಇಳಿಸಿದ. ಮನಿ ಮುಟ್ಟಿದ ಮ್ಯಾಲೆ ಅಂದ: "ತಮ್ಮಾ, ನೀ ಸಂಜಿಗೆ ಕೊಪ್ಪಳಕ್ಕ ಹೋಗ್ತಿ. ನಾವು ಇಲ್ಲೇ ಇರಬೇಕಪ್ಪಾ."

ಅದೇ ಅಗಸಿ ಮುಂದ ನನ್ನ ಅಪ್ಪ ಹಲಗಿ ಬಡಿದವನು. ಊರಿನ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ, ಹೇಳಿ ಕಳಿಸಿದಾಗೆಲ್ಲ ಬಡಿಯಬೇಕಿತ್ತು. ಮೈಯಾಗ ಜ್ವರ ಇದ್ದರೂ ಬಡಿಯಬೇಕಿತ್ತು. ಕೂಲಿ ಅಂದ್ರ ಮೊರದಾಗ ಜ್ವಾಳ. ಆ ಸದ್ದು ಕಟ್ಟೆಗೆ ಯಾವತ್ತೂ ಜಾಸ್ತಿ ಆಗಲಿಲ್ಲ. ಅಪ್ಪನ ಕೈಯಿಂದ ಊರಿಗೆ ಬೇಕಾದ ಸದ್ದು ಹೊಂಟರೆ ಸಂಪ್ರದಾಯ, ಮಗನ ಕಾರಿನಿಂದ ಅವನಿಗೆ ಬೇಕಾದ ಹಾಡು ಹೊಂಟರೆ ಸೊಕ್ಕು. ಇದಕ್ಕೆ ಕಟ್ಟೆ ಮ್ಯಾಲಿನವರು ಉತ್ತರ ಕೊಡಲಿ.

ಕೆಲವು ಪ್ರಗತಿಪರ ಗೆಳೆಯರು ಹೇಳ್ತಾರೆ: ಭೂಮಿ, ಶಿಕ್ಷಣ, ಒಳಮೀಸಲಾತಿ ಬಿಟ್ಟು ಟೇಪಿನ ಬಗ್ಗೆ ಬರೀತೀಯಲ್ಲ, ಇದು ಸಣ್ಣ ವಿಷಯ. ಹೌದಾ? ನಮ್ಮ ಜಿಲ್ಲೆಯ ಸಣ್ಣ ವಿಷಯಗಳ ಪಟ್ಟಿ ನೋಡ್ರಿ. 2021ರ ಸೆಪ್ಟೆಂಬರಿನಾಗ ಕುಷ್ಟಗಿ ತಾಲ್ಲೂಕಿನ ಮಿಯಾಪುರದಾಗ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿತು, ತಂದೆಗೆ ದಂಡ ಹಾಕಿದರು. 2024ರ ಆಗಸ್ಟಿನಾಗ ಯಲಬುರ್ಗಾ ತಾಲ್ಲೂಕಿನ ಸಂಗನಾಳದಾಗ ಕ್ಷೌರದ ವಿಷಯಕ್ಕೆ ಜಗಳ ಎದ್ದು ದಲಿತ ಯುವಕನ ಜೀವ ಹೋಯಿತು. 2014ರ ಆಗಸ್ಟಿನಾಗ ಗಂಗಾವತಿಯ ಟಾಕೀಸಿನಾಗ ಎದ್ದ ಜಗಳ ಮರಕುಂಬಿಯ ನಮ್ಮ ಕೇರಿಯ ಗುಡಿಸಲು ಸುಡೋತನಕ ಹೋಯಿತು. ಕೂಸಿನ ಓಟ, ತಲೆಗೂದಲು, ಸಿನಿಮಾ. ಇದರಾಗ ದೊಡ್ಡ ವಿಷಯ ಯಾವುದು ಇತ್ತು?

ಹಾಡಿನ ಕತೆಯೂ ಹೊಸದಲ್ಲ. 2015ರ ಮೇ ತಿಂಗಳಾಗ ಮಹಾರಾಷ್ಟ್ರದ ಶಿರಡಿಯಲ್ಲಿ ಮೊಬೈಲಿನ ಅಂಬೇಡ್ಕರ್ ರಿಂಗ್‌ಟೋನಿಗೆ ಶುರುವಾದ ಜಗಳ ದಲಿತ ವಿದ್ಯಾರ್ಥಿಯ ಕೊಲೆಯಲ್ಲಿ ಮುಗೀತು. 2025ರ ಜನವರಿಯಲ್ಲಿ ನಮ್ಮದೇ ತುಮಕೂರು ಜಿಲ್ಲೆಯಾಗ ಗಾಡಿಯಲ್ಲಿ ಅಂಬೇಡ್ಕರ್ ಹಾಡು ಹಾಕಿಕೊಂಡು ಹೊಂಟಿದ್ದ ಇಬ್ಬರು ದಲಿತ ಯುವಕರನ್ನ ತಡೆದು, ಜಾತಿ ಕೇಳಿ, ಹೊಡೆದರು ಅಂತ ದೂರು ದಾಖಲಾಯಿತು. ಹಾಡು ಕೇಳಿದವರು ಜಾತಿ ಯಾಕ ಕೇಳಿದರು? ಸದ್ದು ಜಾಸ್ತಿ ಆಗಿದ್ದರೆ ಕೇಳಬೇಕಾದ್ದು ವಾಲ್ಯೂಮ್ ಎಷ್ಟು ಅಂತ.

ಹಂಗಂತ ಕಾಕಾನನ್ನ ಹೇಡಿ ಅಂತ ಯಾರಾದರೂ ಕಮೆಂಟ್ ಹಾಕಿದರೆ ನಾನು ಸುಮ್ಮನಿರಲ್ಲ. ಜಗಳ ಆಗಿದ್ದು ಗಂಗಾವತಿಯಾಗ, ಸುಟ್ಟಿದ್ದು ಊರಾಗ ಇದ್ದವರ ಮನಿ. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್ 24ಕ್ಕೆ. ಹತ್ತು ವರ್ಷ! ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನೂ ಆಯ್ತು. ಈ ಲೆಕ್ಕ ಕಾಕಾಗೆ ಗೊತ್ತು. ಅವನು ವಾಲ್ಯೂಮ್ ಇಳಿಸಿದ್ದು ಆ ಲೆಕ್ಕ ಹಾಕಿ. ಊರಿಗೆ ಹಬ್ಬಕ್ಕೊಮ್ಮೆ ಹೋಗೋ ನನ್ನಂಥವನು ಹಾಡು ಜೋರು ಮಾಡಿ, ವಿಡಿಯೋ ತಗೊಂಡು, ಲೈಕ್ ಎಣಿಸ್ತಾ ಕೊಪ್ಪಳಕ್ಕೆ ವಾಪಸ್ ಬರೋದು ಹೋರಾಟ ಅಲ್ಲ. ಬೆಲೆ ಕಟ್ಟೋರು ಕೇರಿಯವರು. ಅದಕ್ಕೆ ತೀರ್ಮಾನ ಕೇರಿಯದೇ ಆಗಬೇಕು.

ನಮ್ಮವರಿಗೂ ಒಂದು ಮಾತು. ನಡುರಾತ್ರಿ ಡಿಜೆ ಹಚ್ಚಿ ಬಾಣಂತಿ, ಕೂಸು, ಮುದುಕರ ನಿದ್ದಿ ಕೆಡಿಸೋದನ್ನ ನಾನು ಸಮರ್ಥನೆ ಮಾಡ್ತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ನಾವು ಪಾಲಿಸೋಣ. ಆದರೆ ಅದೇ ನಿಯಮ ನಸುಕಿನಾಗ ಕೂಗೋ ಗುಡಿಯ ಮೈಕಿಗೂ, ಗಣಪತಿ ಡಿಜೆಗೂ, ಗೌಡ್ರ ಮಗನ ಮದುವಿ ಮೆರವಣಿಗೆಗೂ ಇರಬೇಕು. ನಿಯಮ ಕೇರಿಯ ಗಾಡಿಗೆ ಮಾತ್ರ ನೆನಪಾದರೆ ಅದರ ಹೆಸರು ಜಾತಿ.

ಕಾನೂನು ತಿಳ್ಕೊಳ್ರಿ. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಝಡ್‌ಎ) ಒಳಗ ಸಾರ್ವಜನಿಕ ಜಾಗದಾಗ ಸೈಕಲ್, ಮೋಟಾರ್ ಸೈಕಲ್ ಓಡಿಸೋದನ್ನ, ಚಪ್ಪಲಿ ಹಾಕೋದನ್ನ, ಮದುವಿ ಮೆರವಣಿಗೆಯಾಗ ವಾಹನ ಏರೋದನ್ನ ತಡೆಯೋದು ಅಪರಾಧ. ಜನರ ಮುಂದ ಜಾತಿ ಹೆಸರು ಹಿಡಿದು ಬೈದರೆ 3(1)(ಎಸ್). ನಾವು ಗೌರವಿಸೋ, ತೀರಿಹೋದ ಮಹನೀಯರನ್ನ ಅವಮಾನ ಮಾಡಿದರೆ 3(1)(ವಿ). ಹಾಡು ನಿಲ್ಲಿಸು ಅಂದವನು ಏನೇನು ಮಾತಾಡಿದ, ಯಾರು ಕೇಳಿದರು, ಎಷ್ಟು ಗಂಟೆ, ಎಲ್ಲಾ ಅವತ್ತೇ ಬರೆದಿಟ್ಟುಕೊಳ್ರಿ.

ಹೋದ ವಾರ ಮತ್ತೆ ಊರಿಗೆ ಹೋಗಿದ್ದೆ. ಕೇರಿಯವರು ಸಮುದಾಯ ಭವನದಾಗ ಕೂತು ಮಾತಾಡಿದರು, ಹೆಣ್ಮಕ್ಕಳೇ ಜಾಸ್ತಿ ಮಾತಾಡಿದರು. ಊರಿನ ಎಲ್ಲಾ ಮೈಕು, ಡಿಜೆ, ಗಾಡಿಗೆ ಒಂದೇ ನಿಯಮ ಮಾಡ್ರಿ ಅಂತ ಗ್ರಾಮ ಪಂಚಾಯ್ತಿಗೆ ಮತ್ತು ಠಾಣೆಗೆ ಅರ್ಜಿ ಕೊಡೋದು ಅಂತ ತೀರ್ಮಾನ ಆಯ್ತು. ಬರೆದವನು ನಾನು, ಮೊದಲ ಸಹಿ ಕಾಕಾಂದು. ಗಾಡಿ ಬಿಡುವಾಗ ಅವನೇ ಕೇಳಿದ: "ಆ ಹಾಡು ಎಲ್ಲಿ ಹತ್ತತೈತಿ ತೋರ್ಸು." ತೋರಿಸಿದೆ. ತನಗೆ ಎಷ್ಟು ಬೇಕೋ ಅಷ್ಟು ಇಟ್ಟುಕೊಂಡ. ಅಗಸಿ ದಾಟೋತನಕ ಇಳಿಸಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಗೆಳೆಯರೇ, ನಿಮ್ಮ ಊರಾಗೂ ಇಂಥಾ ಅರ್ಜಿ ಕೊಡ್ರಿ. ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬರ್ರಿ.

ಜೈಭೀಮ್.