ಸರ್ವರ್‌ಗೆ ಬೈಯೋ ಮುಂಚೆ ಎರರ್‌ನ ಕೊನೇ ಸಾಲು ಓದಿ (ಭಾಗ 4)

ಪ್ರಾಜೆಕ್ಟ್ ಸಬ್ಮಿಷನ್ ಹತ್ರ ಬಂದ್ರೆ ಕ್ಲಾಸ್ ಗ್ರೂಪಲ್ಲಿ ಒಂದೇ ಮಾತು: "ಸರ್ವರ್ ಡೌನ್ ಗುರು." ಸ್ಕ್ರೀನ್‌ಶಾಟ್ ನೋಡಿದ್ರೆ ಕೊನೇ ಸಾಲಲ್ಲಿ ಇರೋದು 'ನೋ ಮಾಡ್ಯೂಲ್ ನೇಮ್ಡ್ ಮೈಎಸ್‌ಕ್ಯೂಎಲ್'. ನಿಮ್ಮ ಕ್ವೆರಿ ಇನ್ನೂ ಲ್ಯಾಪ್‌ಟಾಪ್ ಬಿಟ್ಟು ಹೊರಟೇ ಇಲ್ಲ! ಡೇಟಾಬೇಸ್ ಎಷ್ಟೇ ದೂರ ಇರಲಿ, ಅದರ ಜೊತೆ ಮಾತಾಡೋ ಪ್ಯಾಕೇಜ್ ಇರಬೇಕಾದ್ದು ಪ್ರೋಗ್ರಾಂ ರನ್ ಆಗೋ ಕಡೆ, ಅಂದ್ರೆ ನಿಮ್ಮ ಹತ್ರ. ವೈಫೈ, ಪಾಸ್‌ವರ್ಡ್ ಬದಲಾಯಿಸಿದ್ರೆ ಏನೂ ಆಗಲ್ಲ.

"ಇನ್‌ಸ್ಟಾಲ್ ಮಾಡಿದೀನಲ್ಲ" ಅಂತೀರಿ. ಯಾವ ಪೈಥಾನ್‌ಗೆ? ಒಂದೇ ಲ್ಯಾಪ್‌ಟಾಪಲ್ಲಿ ಎರಡು ಮೂರು ಪೈಥಾನ್ ಇರಬಹುದು. ಅನಕೊಂಡಾ ಹಾಕಿದ್ರೆ ಅದರೊಳಗೇ ಒಂದು ಬರುತ್ತೆ. ಹಾಗಾಗಿ ಕಮಾಂಡ್ ಪ್ರಾಂಪ್ಟಲ್ಲಿ ಹಾಕಿದ ಪ್ಯಾಕೇಜ್ ಜುಪಿಟರ್‌ಗೆ ಕಾಣದೇ ಇರಬಹುದು. 'ಸಿಸ್' ಇಂಪೋರ್ಟ್ ಮಾಡಿ 'ಸಿಸ್ ಡಾಟ್ ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿ, ರನ್ ಆಗ್ತಿರೋದು ಯಾವುದು ಅಂತ ಗೊತ್ತಾಗುತ್ತೆ. ನೋಟ್‌ಬುಕ್ ಸೆಲ್ಲಲ್ಲೇ ಪರ್ಸೆಂಟ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಪಿಪ್ ಇನ್‌ಸ್ಟಾಲ್ ಕೊಟ್ರೆ ಆ ಪೈಥಾನ್‌ಗೇ ಹೋಗುತ್ತೆ. ಹೆಸರಲ್ಲೂ ತಮಾಷೆ ಇದೆ: ಇನ್‌ಸ್ಟಾಲ್ ಮಾಡುವಾಗ 'ಮೈಎಸ್‌ಕ್ಯೂಎಲ್-ಕನೆಕ್ಟರ್-ಪೈಥಾನ್', ಇಂಪೋರ್ಟ್ ಮಾಡುವಾಗ 'ಮೈಎಸ್‌ಕ್ಯೂಎಲ್ ಡಾಟ್ ಕನೆಕ್ಟರ್'. (ಯಾಕೆ ಹಿಂಗಿಟ್ರೋ!)

ನನ್ನ ಜಗಳ ಇರೋದು "ನಾವು ಬಿಕಾಂ, ನಮಗ್ಯಾಕೆ ಇದೆಲ್ಲ" ಅನ್ನೋರ ಜೊತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಲಿಲ್ಲ ಅಂತ ಇಡೀ ಲೆಡ್ಜರ್ ಹರಿದು ಹೊಸದಾಗಿ ಬರೀತೀರಾ? ವ್ಯತ್ಯಾಸ ಎಷ್ಟು, ಯಾವ ಖಾತೆ ಅಂತ ಹುಡುಕ್ತೀರಿ ತಾನೇ? ಇಲ್ಲಿ ಮಾತ್ರ ಎಲ್ಲಾ ಅನ್‌ಇನ್‌ಸ್ಟಾಲ್ ಮಾಡಿ ಬಿಸಿಎ ಫ್ರೆಂಡ್ಸ್ ಕಾಲು ಹಿಡಿಯೋದು ಯಾಕೆ?

ಇಂಪೋರ್ಟ್ ಆಗಿ, ಈಗ 'ಆಕ್ಸೆಸ್ ಡಿನೈಡ್' ಅಂತ ಬಂತಾ? ಖುಷಿಪಡಿ, ಸರ್ವರ್ ಮುಟ್ಟಿದ್ದೀರಿ. ಪಾಸ್‌ವರ್ಡ್ ಚೆಕ್ ಮಾಡೋದು ಈಗ. ಅದು ಭಾಗ 5ರಲ್ಲಿ.